ಪಾಲಾಗದ ರಾಶಿ

ಚದುರಂಗದ ಮನೆಗಳಲ್ಲಿ ಭತ್ತದ ಕಾಳನ್ನಿಟ್ಟ ಕಥೆಯು ನಮ್ಮ ವಾಚಕರಲ್ಲಿ ಯಾರಿಗೂ ಹೊಸದಲ್ಲ. ಮೊದಲನೆಯ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಅರುವತ್ತನಾಲ್ಕು ಮನೆಗಳ ವರೆಗೂ ಇಮ್ಮಡಿಸುತ್ತ ಕೊಟ್ಟರೆ ಸಾಕೆಂದು ಬೇಡಿದ ಜಾಣನ ಮುಂದೆ ಅರಸನ ಕಣಜಗಳೆಲ್ಲ ಬರಿದಾದುವೆಂಬುದನ್ನು ನಾವೂ ಬಾಲ್ಯದಲ್ಲಿ ಅಜ್ಜಿಯ ಬಾಯಿಂದ ಕೇಳಿ ಬೆರಗಾದವರೇ. ೨೦೨೪ರ ದೀಪಾವಳಿಯ ರಜೆಯಲ್ಲಿ ಅದೇ ಕಥೆಯನ್ನು ಹದಿಮೂರು ವರ್ಷದ ನಮ್ಮ ಮೊಮ್ಮಗಳಿಗೆ ಹೇಳುತ್ತಿದ್ದಾಗ ಅವಳು ಬೆರಗಾಗುವುದಕ್ಕೆ ಬದಲಾಗಿ ಒಂದು ಪ್ರಶ್ನೆಯನ್ನು ಹಾಕಿದಳು.

"ತಾತ, ಆ ರಾಶಿಯನ್ನು ಅವನು ತನ್ನ ಮಕ್ಕಳಿಗೆ ಸಮನಾಗಿ ಹಂಚಬೇಕಾಗಿದ್ದರೆ ಎಷ್ಟು ಜನ ಮಕ್ಕಳಿರಬೇಕಾಗಿತ್ತು?"

ಲೆಕ್ಕಪತ್ರದ ಕೆಲಸದಲ್ಲಿ ಮೂವತ್ತೈದು ವರ್ಷ ಸವೆಸಿ ನಿವೃತ್ತರಾದ ನಮಗೆ ಇಂಥ ಪ್ರಶ್ನೆಯು ಹಸಿದವನಿಗೆ ಎಲೆ ಹಾಕಿದಂತೆ. ಒಡನೆಯೇ ಕಾಗದ ತರಿಸಿದೆವು. ಅರುವತ್ತನಾಲ್ಕು ಮನೆಗಳ ಒಟ್ಟು ಕಾಳು ೧,೮೪,೪೬,೭೪,೪೦,೭೩,೭೦,೯೫,೫೧,೬೧೫. ಕೊನೆಯ ಅಂಕಿ ಐದಾದುದರಿಂದ ಐವರಿಗೆ ಹಂಚಬಹುದು. ಅಂಕಿಗಳ ಮೊತ್ತ ಎಂಬತ್ತೇಳಾದುದರಿಂದ ಮೂವರಿಗೂ ಹಂಚಬಹುದು. ಹದಿನೇಳು ಜನಕ್ಕೂ ಸರಿಯಾಗಿ ಸಲ್ಲುತ್ತದೆ. ಇಷ್ಟು ಹೇಳಿ ನಾವು ಎಲೆಯಡಿಕೆಗೆ ಕೈ ಚಾಚುತ್ತಿದ್ದೆವು. ಅಷ್ಟರಲ್ಲಿ ಅವಳು, ಯಾರಿಗೂ ಸಮನಾಗಿ ಹಂಚಲಾಗದಂಥ ಹಲಗೆಯೊಂದುಂಟೆ ಎಂದು ಕೇಳಿದಳು. ಉಂಟು, ಅದಕ್ಕೆ ನೂರ ಇಪ್ಪತ್ತೇಳು ಮನೆಗಳಿರಬೇಕು ಎಂದೆವು. ಆ ರಾಶಿಯನ್ನು ಒಬ್ಬನೇ ಪೂರ್ತಿಯಾಗಿ ಹೊತ್ತುಕೊಂಡು ಹೋಗಬೇಕು, ಇಲ್ಲವೆ ಕಾಳಿಗೊಬ್ಬನಂತೆ ಜನ ಬರಬೇಕು. ಇವೆರಡಲ್ಲದೆ ಮೂರನೆಯ ಹಂಚಿಕೆಯೇ ಅದಕ್ಕಿಲ್ಲ. ಇಂಥ ಸಂಖ್ಯೆಯನ್ನು ಅವಿಭಾಜ್ಯವೆನ್ನುತ್ತಾರೆಂಬುದನ್ನು ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು.

ನೂರ ಇಪ್ಪತ್ತೇಳು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದುದರಿಂದ ಒಂದನ್ನು ಕಳೆದರೆ ಆ ರಾಶಿಯು ಸಿಕ್ಕುತ್ತದೆ. ಅದನ್ನು ಬರೆದು ತೋರಿಸಿದೆವು:

೧೭,೦೧,೪೧,೧೮,೩೪,೬೦,೪೬,೯೨,೩೧,೭೩,೧೬,೮೭,೩೦,೩೭,೧೫,೮೮,೪೧,೦೫,೭೨೭.

ಮೂವತ್ತೊಂಬತ್ತು ಅಂಕಿಗಳು. ಇದನ್ನು ಬಾಯಲ್ಲಿ ಓದಿ ಹೇಳೆಂದು ಅವಳು ಹಟ ಹಿಡಿದಳು. ನಮ್ಮ ಹಿರಿಯರು ಸ್ಥಾನಗಳಿಗೆ ಹೆಸರಿಡುವುದರಲ್ಲಿ ಜಿಪುಣರಾಗಿರಲಿಲ್ಲ. ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಏಕದಿಂದ ಪರಾರ್ಧದ ವರೆಗೆ ಹದಿನೆಂಟು ಸ್ಥಾನಗಳನ್ನು ಹೇಳಿದ್ದಾರೆ. ಅವರಿಗಿಂತ ಮೊದಲೇ, ಒಂಬತ್ತನೆಯ ಶತಮಾನದಲ್ಲಿ, ನಮ್ಮ ನೃಪತುಂಗನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಇಪ್ಪತ್ತನಾಲ್ಕು ಸ್ಥಾನಗಳನ್ನು ಹೆಸರಿಸಿ ಮಹಾಕ್ಷೋಭಕ್ಕೆ ತಂದು ನಿಲ್ಲಿಸಿದ್ದಾನೆ. ಆದರೂ ಇನ್ನು ಹದಿನೈದು ಸ್ಥಾನಗಳು ಹೆಸರಿಲ್ಲದೆ ಉಳಿದುವು. ಕೊನೆಗೆ ಅಂಕಿ ಅಂಕಿಯಾಗಿ ಓದಿ ಮುಗಿಸಿದೆವು.

ಅವಳು ಅದನ್ನು ಸುಮ್ಮನೆ ನೋಡುತ್ತ ಕುಳಿತಿದ್ದು, "ಯಾರಿಗೂ ಹಂಚಲಾಗದು ಅಂತ ಹೇಳಿದಿರಲ್ಲ, ಹಂಚಿ ನೋಡಿದವರು ಯಾರು?" ಎಂದಳು.

ಈ ಪ್ರಶ್ನೆಗೆ ಆ ಕೂಡಲೇ ಸರಿಯಾದ ಉತ್ತರವನ್ನು ಕೊಡಲು ನಮ್ಮಿಂದ ಆಗಲಿಲ್ಲ. ಪುಸ್ತಕದಲ್ಲಿದೆ ಎಂದುಬಿಟ್ಟೆವು. ಮೂವತ್ತೈದು ವರ್ಷ ಬೇರೆಯವರ ಮೊತ್ತಗಳಿಗೆ ರುಜು ಹಾಕುತ್ತ ಬಂದವನ ಬಾಯಲ್ಲಿ ಆ ಉತ್ತರವು ಅಷ್ಟೇನೂ ಚೆನ್ನಾಗಿ ಕೇಳಿಸಲಿಲ್ಲ. ಆ ರಾತ್ರಿಯೇ ಹಳೆಯ ಗಣಿತ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆವು.

ಹಂಚಿ ನೋಡಿದವರು ಯಾರೂ ಇಲ್ಲ. ಹಂಚಿ ನೋಡುವುದು ಸಾಧ್ಯವೂ ಅಲ್ಲ. ಈ ರಾಶಿಗೆ ಭಾಜಕವೊಂದು ಇರುವುದೇ ಆದರೆ ಅದನ್ನು ೨೫೪ರಿಂದ ಭಾಗಿಸಿದಾಗ ಶೇಷವು ಒಂದೇ ಆಗಿರಬೇಕೆಂಬ ನಿಯಮವೊಂದುಂಟು; ೨೫೪ ಎಂದರೆ ೧೨೭ರ ಎರಡರಷ್ಟು. ಇದರಿಂದ ಕೆಲಸವು ಬಹಳ ಹಗುರವಾಗುತ್ತದೆ. ಹಾಗೆ ಹಗುರವಾದ ಮೇಲೂ, ಸೆಕೆಂಡಿಗೊಂದರಂತೆ ಅಂಥ ಭಾಜಕಗಳನ್ನು ಪರೀಕ್ಷಿಸುತ್ತ ಹೋದರೆ ಸುಮಾರು ೧೬೦ ಕೋಟಿ ವರ್ಷಗಳು ಬೇಕು. ಆದರೂ ಈ ಸಂಖ್ಯೆಯು ಅವಿಭಾಜ್ಯವೆಂಬುದನ್ನು ೧೮೭೬ರಲ್ಲಿ ಒಬ್ಬ ಮನುಷ್ಯನು ಕೈಬರಹದ ಲೆಕ್ಕದಿಂದಲೇ ತೋರಿಸಿಕೊಟ್ಟನು.

ಇದರ ಹಿಂದಿನ ಕಥೆಯನ್ನು ಸ್ವಲ್ಪ ಹೇಳಬೇಕು. ಮನೆಗಳ ಎಣಿಕೆಯೇ ಪಾಲಾಗುವಂತಿದ್ದರೆ ರಾಶಿಯೂ ಪಾಲಾಗುತ್ತದೆ: ಆರು ಮನೆಗಳ ರಾಶಿ ೬೩, ಅದು ಏಳು ಒಂಬತ್ತಲೆ. ಆದುದರಿಂದ ಮನೆಗಳ ಎಣಿಕೆಯು ಅವಿಭಾಜ್ಯವಾಗಿದ್ದಾಗ ಮಾತ್ರ ಆಸೆಯಿಟ್ಟುಕೊಳ್ಳಬಹುದು. ಆದರೆ ಅಷ್ಟೇ ಸಾಲದು. ಹನ್ನೊಂದು ಮನೆಗಳ ರಾಶಿ ೨,೦೪೭. ನೋಡಲು ಗಟ್ಟಿಯಾಗಿ ತೋರಿದರೂ ಅದು ೨೩ ಮತ್ತು ೮೯ರ ಗುಣಲಬ್ಧ. ಯಾವ ಯಾವ ಎಣಿಕೆಗೆ ರಾಶಿಯು ಪಾಲಾಗದೆಂಬುದನ್ನು ೧೬೪೪ರಲ್ಲಿ ಮರೀನ್ ಮೆರ್ಸೆನ್ ಎಂಬ ಫ್ರಾನ್ಸಿನ ಕ್ರೈಸ್ತ ಸಂನ್ಯಾಸಿಯು ಪಟ್ಟಿಮಾಡಿ ಅಚ್ಚುಹಾಕಿಸಿದನು: ೨, ೩, ೫, ೭, ೧೩, ೧೭, ೧೯, ೩೧, ೬೭, ೧೨೭, ೨೫೭. ಈ ಮೇರೆಯೊಳಗೆ ಬೇರೆ ಯಾವುದೂ ಇಲ್ಲವೆಂದೂ ಹೇಳಿದನು. ಆತನು ಇಷ್ಟು ದೊಡ್ಡ ಸಂಖ್ಯೆಗಳನ್ನು ಪರೀಕ್ಷಿಸಿರಲಾರನೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ತಪ್ಪೆಂದು ತೋರಿಸುವ ಶಕ್ತಿಯೂ ಯಾರಿಗೂ ಇರಲಿಲ್ಲ. ಹಿರಿಯರೊಬ್ಬರು ಬರೆದಿಟ್ಟ ಪಟ್ಟಿ ಇನ್ನೂರು ವರ್ಷಗಳಿಗಿಂತಲೂ ಹೆಚ್ಚು ಕಾಲ ಹಾಗೆಯೇ ನಡೆಯಿತು. ಅದರಲ್ಲಿ ಐದು ತಪ್ಪುಗಳಿದ್ದುವು. ೬೧, ೮೯, ೧೦೭ ಬಿಟ್ಟುಹೋಗಿದ್ದುವು; ೬೭, ೨೫೭ ಸೇರಬಾರದೆ ಸೇರಿದ್ದುವು. ೧೨೭ ಮಾತ್ರ ಸರಿಯಾಗಿತ್ತು.

೧೭೭೨ರಲ್ಲಿ ಆಯ್ಲರನು ೩೧ ಮನೆಗಳ ರಾಶಿಯಾದ ೨,೧೪,೭೪,೮೩,೬೪೭ನ್ನು ಭಾಜಕಗಳಿಂದ ಪರೀಕ್ಷಿಸಿಯೇ ಅವಿಭಾಜ್ಯವೆಂದು ಸ್ಥಾಪಿಸಿದ್ದನು. ಹತ್ತು ಅಂಕಿಗಳಲ್ಲಿ ನಿಂತಿದ್ದ ಲೆಕ್ಕವನ್ನು ಮೂವತ್ತೊಂಬತ್ತಕ್ಕೆ ಒಂದೇ ನೆಗೆತಕ್ಕೆ ಏರಿಸಿದವನು ಎದುವಾರ್ ಲ್ಯೂಕಾ. ಫ್ರಾನ್ಸಿನ ಆಮಿಯೆಂ ಪಟ್ಟಣದವನು. ಪ್ಯಾರಿಸಿನ ಶಾಲೆಗಳಲ್ಲಿ ಉಪಾಧ್ಯಾಯನಾಗಿದ್ದನು. ಮೂರು ಕಂಬಗಳೂ ಬಿಲ್ಲೆಗಳೂ ಇರುವ ಒಂದು ಆಟದ ಸಾಮಾನನ್ನು ನಮ್ಮ ಮನೆಗಳಲ್ಲಿ ಮಕ್ಕಳು ಆಡುವುದುಂಟಷ್ಟೆ. ದೊಡ್ಡ ಬಿಲ್ಲೆಯನ್ನು ಚಿಕ್ಕದರ ಮೇಲೆ ಇಡದೆ, ಒಂದು ಸಲಕ್ಕೆ ಒಂದೇ ಬಿಲ್ಲೆಯನ್ನು ಎತ್ತಿ, ಗೋಪುರವನ್ನೆಲ್ಲ ಇನ್ನೊಂದು ಕಂಬಕ್ಕೆ ಸಾಗಿಸಬೇಕು. ಅದನ್ನು ೧೮೮೩ರಲ್ಲಿ ಮಾರುಕಟ್ಟೆಗೆ ತಂದವನೂ ಇವನೇ, ತನ್ನ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ ಸಯಾಂ ದೇಶದ ಪಂಡಿತನೊಬ್ಬನ ಹೆಸರಿನಲ್ಲಿ. ಕಾಶಿಯ ದೇವಾಲಯವೊಂದರಲ್ಲಿ ವಜ್ರದ ಕಂಬಗಳ ಮೇಲೆ ಅರುವತ್ತನಾಲ್ಕು ಚಿನ್ನದ ಬಿಲ್ಲೆಗಳನ್ನು ಅರ್ಚಕರು ಹಗಲಿರುಳು ಸಾಗಿಸುತ್ತಿದ್ದಾರೆಂದೂ, ಅದು ಮುಗಿದ ದಿನ ಪ್ರಳಯವೆಂದೂ ಆಟದೊಡನೆ ಒಂದು ಕಥೆಯು ಹುಟ್ಟಿಕೊಂಡಿತು. ಕಾಶಿಗೆ ಹೋಗಿಬಂದ ನಮ್ಮ ನೆಂಟರಲ್ಲಿ ಯಾರೂ ಆ ದೇವಾಲಯವನ್ನು ಕಂಡಿಲ್ಲ. ಆದರೆ ಲೆಕ್ಕ ನಿಜ: ಅರುವತ್ತನಾಲ್ಕು ಬಿಲ್ಲೆಗಳಿಗೆ ಬೇಕಾಗುವ ನಡೆಗಳು ಚದುರಂಗದ ಕಾಳುಗಳಷ್ಟೇ. ಬಿಲ್ಲೆಗಳು ನೂರ ಇಪ್ಪತ್ತೇಳಾದರೆ ನಡೆಗಳು ನಮ್ಮ ಪಾಲಾಗದ ರಾಶಿಯಷ್ಟೇ. ಲ್ಯೂಕಾ ೧೮೯೧ರಲ್ಲಿ, ಔತಣವೊಂದರಲ್ಲಿ ಕೈತಪ್ಪಿ ಬಿದ್ದ ತಟ್ಟೆಯ ಚೂರು ಕೆನ್ನೆಗೆ ತಾಕಿ, ಆ ಗಾಯವು ಕೆಟ್ಟು, ನಲವತ್ತೊಂಬತ್ತನೆಯ ವಯಸ್ಸಿಗೇ ತೀರಿಕೊಂಡನು.

ಇನ್ನು ಅವನ ಪರೀಕ್ಷೆ. ಇದನ್ನು ೧೯೩೦ರಲ್ಲಿ ಅಮೆರಿಕದ ಲೆಹ್ಮರನು ತಿದ್ದಿ ಕೊಟ್ಟ ರೂಪವೇ ಇಂದು ಬಳಕೆಯಲ್ಲಿದೆ. ಗುಣಾಕಾರ ಭಾಗಾಕಾರಗಳನ್ನು ಬಲ್ಲ ಯಾರೂ ಮಾಡಬಹುದಾದಷ್ಟು ಸರಳ. ನಾಲ್ಕನ್ನು ಬರೆದುಕೊಳ್ಳಬೇಕು. ಅದರ ವರ್ಗದಿಂದ ಎರಡನ್ನು ಕಳೆಯಬೇಕು. ಬಂದುದು ರಾಶಿಗಿಂತ ದೊಡ್ಡದಾದರೆ ರಾಶಿಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. ಆ ಶೇಷಕ್ಕೆ ಮರಳಿ ಹೀಗೆಯೇ. ಮನೆಗಳ ಎಣಿಕೆಗಿಂತ ಎರಡು ಕಡಮೆ ಸಲ ಮಾಡಿದ ಮೇಲೆ ಸೊನ್ನೆ ಬಂದರೆ ರಾಶಿಯು ಅವಿಭಾಜ್ಯ, ಬಾರದಿದ್ದರೆ ಅಲ್ಲ. ಐದು ಮನೆಗಳ ರಾಶಿ ೩೧. ನಾಲ್ಕರಿಂದ ಹದಿನಾಲ್ಕು, ಹದಿನಾಲ್ಕರಿಂದ ೧೯೪, ಅದನ್ನು ೩೧ರಿಂದ ಭಾಗಿಸಿದರೆ ಶೇಷ ಎಂಟು, ಎಂಟರಿಂದ ೬೨, ಅದರ ಶೇಷ ಸೊನ್ನೆ. ಮೂರು ಸಲಕ್ಕೆ ಮುಗಿಯಿತು. ಹನ್ನೊಂದು ಮನೆಗಳ ೨,೦೪೭ಕ್ಕೆ ಒಂಬತ್ತು ಸಲ ಮಾಡಿದರೆ ಕೊನೆಗೆ ಉಳಿಯುವುದು ೧,೭೩೬. ಆದುದರಿಂದ ಅದು ಪಾಲಾಗುತ್ತದೆ. ಆದರೆ ೨೩ ಎಂದಾಗಲಿ ೮೯ ಎಂದಾಗಲಿ ಈ ಪರೀಕ್ಷೆಯು ಬಾಯಿಬಿಡುವುದಿಲ್ಲ. ಪಾಲಾಗುವುದೆಂದು ಹೇಳುತ್ತದೆ, ಯಾರಿಗೆಂದು ಹೇಳುವುದಿಲ್ಲ.

೧೨೭ ಮನೆಗಳಿಗೆ ನೂರ ಇಪ್ಪತ್ತೈದು ಸಲ ಮಾಡಬೇಕು, ಅದೂ ಮೂವತ್ತೊಂಬತ್ತು ಅಂಕಿಗಳ ಸಂಖ್ಯೆಗಳಿಂದ. ಲ್ಯೂಕಾ ಇದನ್ನು ೧೨೭ಕ್ಕೆ ೧೨೭ ಮನೆಗಳ ಒಂದು ದೊಡ್ಡ ಚದುರಂಗದ ಹಲಗೆಯ ಮೇಲೆ ಕಾಯಿಗಳನ್ನು ಸರಿಸುವ ಆಟವಾಗಿ ವರ್ಣಿಸಿದ್ದಾನೆ. ೧೯೧೪ರಲ್ಲಿ ಫೋಕೆಂಬರ್ಗ್ ಎಂಬ ಇನ್ನೊಬ್ಬ ಫ್ರೆಂಚನು ಈ ಲೆಕ್ಕವನ್ನು ಬೇರೆಯಾಗಿ ಮಾಡಿ ಸರಿಯೆಂದು ಕಂಡುಕೊಂಡನು. ೧೯೫೧ರ ವರೆಗೆ, ಎಂದರೆ ಎಪ್ಪತ್ತೈದು ವರ್ಷಗಳ ಕಾಲ, ಮನುಷ್ಯರು ಬಲ್ಲ ಅವಿಭಾಜ್ಯ ಸಂಖ್ಯೆಗಳಲ್ಲಿ ಇದಕ್ಕಿಂತ ದೊಡ್ಡದು ಇರಲಿಲ್ಲ. ಆ ವರ್ಷ ಕೇಂಬ್ರಿಜ್ಜಿನ ಮಿಲ್ಲರ್, ವ್ಹೀಲರ್ ಎಂಬಿಬ್ಬರು ಕಂಪ್ಯೂಟರಿನಿಂದ ಎಪ್ಪತ್ತೊಂಬತ್ತು ಅಂಕಿಗಳ ಅವಿಭಾಜ್ಯವೊಂದನ್ನು ಹಿಡಿದರು. ಅದನ್ನು ಕಟ್ಟಿದುದೂ ನಮ್ಮ ರಾಶಿಯಿಂದಲೇ: ಇದರ ವರ್ಗವನ್ನು ೧೮೦ರಿಂದ ಗುಣಿಸಿ ಒಂದನ್ನು ಕೂಡಿಸಿದರು.

ಸರಿ, ಬೇರೆಯವರು ಮಾಡಿದುದು ಸಾಕು. ನಾವೇ ಏನಾದರೂ ಕೈಯಾರೆ ಮಾಡಿ ಮೊಮ್ಮಗಳಿಗೆ ತೋರಿಸಬೇಕೆಂದು ಹೊರಟೆವು. ೧೨೭ರ ಹತ್ತಿರ ಸುಳಿಯುವ ಧೈರ್ಯವು ಈ ವಯಸ್ಸಿಗೆ ಸಲ್ಲದು. ಹತ್ತೊಂಬತ್ತು ಮನೆಗಳ ರಾಶಿಯಾದ ೫,೨೪,೨೮೭ನ್ನು ಆರಿಸಿದೆವು. ಹದಿನೇಳು ಸಲದ ಕೆಲಸ. ಕಂಪ್ಯೂಟರಾಗಲಿ ಯಂತ್ರವಾಗಲಿ ಮುಟ್ಟಬಾರದೆಂದು ನಿಯಮ. ಬೆಳಗಿನ ಕಾಫಿಯಾದ ಮೇಲೆ ದಿನಕ್ಕೆ ಎರಡು ಹಾಳೆ. ನಾಲ್ಕು, ಹದಿನಾಲ್ಕು, ೧೯೪, ೩೭,೬೩೪. ಇಲ್ಲಿಯ ವರೆಗೆ ಮಗುವಿನ ಆಟ. ನಾಲ್ಕನೆಯ ಸಲಕ್ಕೆ ೨,೧೮,೭೬೭, ಐದನೆಯದಕ್ಕೆ ೫,೧೦,೦೬೬. ಒಂದೊಂದು ಗುಣಾಕಾರವನ್ನೂ ಅಂಕಿಗಳನ್ನು ಕೂಡಿ ಒಂಬತ್ತರಿಂದ ತಾಳೆ ನೋಡುವ ಹಳೆಯ ಉಪಾಯದಿಂದ ಪರೀಕ್ಷಿಸಿಯೇ ಮುಂದೆ ಹೋದೆವು. ನಮ್ಮ ಮನೆಯವರು ಎರಡು ದಿನ ನೋಡಿ, ಪಿಂಚಣಿಯ ಕಾಗದವೇನಾದರೂ ಬಂದಿದೆಯೆ ಎಂದು ವಿಚಾರಿಸಿದರು. ಒಂಬತ್ತನೆಯ ದಿನ ಹದಿನೇಳನೆಯ ಹಾಳೆ ಮುಗಿಯಿತು. ಸೊನ್ನೆ ಬರಲಿಲ್ಲ. ಆರಂಕಿಯ ಒಂದು ಶೇಷವು ಬಂದು ಕುಳಿತಿತ್ತು.

೫,೨೪,೨೮೭ ಅವಿಭಾಜ್ಯವೆಂಬುದನ್ನು ಇಟಲಿಯ ಕತಾಲ್ದಿಯು ಭಾಜಕಗಳನ್ನು ಒಂದೊಂದಾಗಿ ಹಾಕಿ ನೋಡಿ ೧೬೦೩ರಲ್ಲೇ ಪ್ರಕಟಿಸಿದ್ದನು. ಆದುದರಿಂದ ತಪ್ಪು ನಮ್ಮದೆಂಬುದರಲ್ಲಿ ಸಂದೇಹವಿರಲಿಲ್ಲ. ಆದರೆ ಹಾಳೆಗಳನ್ನು ಮುಂದಿಟ್ಟುಕೊಂಡು ಕುಳಿತಾಗ ನಮ್ಮನ್ನು ಬೇರೊಂದು ಯೋಚನೆಯು ಹಿಡಿಯಿತು. ಕತಾಲ್ದಿಯ ಮಾತು ನಮಗೆ ಗೊತ್ತಿಲ್ಲದೆ ಇದ್ದಿದ್ದರೆ? ಈ ಶೇಷವನ್ನೇ ನಂಬಿ, ಸಂಖ್ಯೆಯೇ ಕೆಟ್ಟದ್ದೆಂದು ರುಜು ಹಾಕಿಬಿಡುತ್ತಿದ್ದೆವು. ಅಂಥ ರುಜುವೊಂದನ್ನು ನಾವು ಹಿಂದೆ ಒಮ್ಮೆ ಹಾಕಿದ್ದುಂಟು.

ಅದು ೧೯೭೪ನೆಯ ವರ್ಷ. ಕಚೇರಿಯ ಹೆಸರು ಇಲ್ಲಿ ಬೇಡ. ನಮಗೆ ಆಗ ಇಪ್ಪತ್ತನಾಲ್ಕು ವಯಸ್ಸು. ಕಿರ್ದಿ ಬರೆಯುವುದು ನಮ್ಮ ಕೆಲಸ. ನಗದು ನೋಡಿಕೊಳ್ಳುತ್ತಿದ್ದವರು ನಮಗಿಂತ ಹತ್ತು ಹನ್ನೆರಡು ವರ್ಷ ಹಿರಿಯರಾದ ಒಬ್ಬ ಗುಮಾಸ್ತರು. ಮಾತು ಕಡಮೆ, ಮಧ್ಯಾಹ್ನದ ಊಟದ ಡಬ್ಬಿಯನ್ನು ಬಿಚ್ಚುವಾಗ ನಮ್ಮನ್ನು ಕರೆಯದೆ ಉಂಡವರಲ್ಲ. ಒಂದು ತಿಂಗಳ ಕೊನೆಯಲ್ಲಿ ಪುಸ್ತಕದ ಶಿಲ್ಕಿಗಿಂತ ಪೆಟ್ಟಿಗೆಯ ಶಿಲ್ಕು ೩೬೦ ರೂಪಾಯಿ ಕಡಮೆ ಬಂದಿತು. ಅಂದಿನ ದಿನಕ್ಕೆ ಅದು ನಮ್ಮ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಮೇಲಿನವರು ಕಿರ್ದಿಯನ್ನು ಮತ್ತೊಮ್ಮೆ ಕೂಡಿ ನೋಡಿರೆಂದರು. ನಾವು ಕೂಡಿದೆವು. ಮೊತ್ತಗಳು ಸರಿಯಾಗಿದ್ದುವು. ಸರಿಯಾಗಿದೆಯೆಂದು ಬರೆದು ರುಜು ಹಾಕಿದೆವು. ಗುಮಾಸ್ತರು ಏನೂ ಹೇಳಲಿಲ್ಲ. ಎಲ್ಲಿಂದಲೋ ಹಣ ತಂದು ಕಟ್ಟಿದರು. ಎರಡು ತಿಂಗಳಲ್ಲಿ ಕೆಲಸವನ್ನು ಬಿಟ್ಟು ಊರಿಗೆ ಹೋದರು. ಹೋಗುವ ದಿನ ನಾವು ಅವರ ಮುಖವನ್ನು ನೋಡಲಿಲ್ಲ. ಅವರನ್ನು ಕಳ್ಳರೆಂದು ಯಾರೂ ಬಾಯಿಬಿಟ್ಟು ಅಂದಿರಲಿಲ್ಲ. ಅನ್ನುವ ಅವಶ್ಯವೂ ಇರಲಿಲ್ಲ.

ಮೂರು ವರ್ಷಗಳ ಮೇಲೆ ಹಳೆಯ ಪುಸ್ತಕಗಳನ್ನು ರಟ್ಟುಕಟ್ಟಿಸಲು ತೆಗೆದಾಗ ರಸೀತಿಗಳ ಕಟ್ಟೊಂದು ಕೈಗೆ ಸಿಕ್ಕಿತು. ರಸೀತಿಯಲ್ಲಿ ೧,೪೮೧ ರೂಪಾಯಿ. ಕಿರ್ದಿಯಲ್ಲಿ ನಮ್ಮ ದುಂಡು ಅಕ್ಷರದಲ್ಲಿ ೧,೮೪೧. ಮೊತ್ತವನ್ನು ಕೂಡಿದುದರಲ್ಲಿ ತಪ್ಪಿರಲಿಲ್ಲ. ಕೂಡಿದ ಅಂಕಿಯೇ ತಪ್ಪಾಗಿತ್ತು. ವ್ಯತ್ಯಾಸವು ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಅದಲುಬದಲಾಗಿವೆಯೇ ಎಂದು ಮೊದಲು ನೋಡಬೇಕೆಂಬುದು ಲೆಕ್ಕದವರೆಲ್ಲರೂ ಬಲ್ಲ ಮಾತು. ೩೬೦ ಎಂದರೆ ಒಂಬತ್ತು ನಲವತ್ತಲೆ. ಆ ತಿಂಗಳು ಆ ಮಾತು ನಮಗೆ ನೆನಪಾಗಲಿಲ್ಲ. ಶಿಲ್ಕಿನಲ್ಲಿ ವ್ಯತ್ಯಾಸ ಬಂದಿತೆಂದರೆ ಪೆಟ್ಟಿಗೆಯವನ ಕಡೆ ನೋಡಿದೆವೇ ಹೊರತು ಲೇಖನಿಯವನ ಕಡೆ ನೋಡಲಿಲ್ಲ.

ಮೇಲಿನವರಿಗೆ ತಿಳಿಸಿದೆವು. ಮುಗಿದುಹೋದ ವಿಷಯವೆಂದರು. ಗುಮಾಸ್ತರ ಊರಿನ ವಿಳಾಸವನ್ನು ಹೇಗೋ ಸಂಪಾದಿಸಿ, ತಪ್ಪು ನಮ್ಮದೆಂದು ಪತ್ರ ಬರೆದು, ೩೬೦ ರೂಪಾಯಿಗಳನ್ನು ಎರಡು ಮನಿಯಾರ್ಡರುಗಳಲ್ಲಿ ಕಳುಹಿಸಿದೆವು. ಹಣ ಸೇರಿದ ರುಜು ಬಂದಿತು; ಅದರ ಹಿಂದೆಯೇ ಒಂದು ಕಾರ್ಡು. ಅದರಲ್ಲಿ ಕ್ಷಮಿಸಿದೆನೆಂದೂ ಇರಲಿಲ್ಲ, ಕ್ಷಮಿಸಲಾರೆನೆಂದೂ ಇರಲಿಲ್ಲ. ಯಾವ ಪುಟ, ಯಾವ ಸಾಲು, ಯಾವ ರಸೀತಿ ಎಂಬುದನ್ನು ದಯವಿಟ್ಟು ಬರೆದು ತಿಳಿಸಬೇಕೆಂದು ಕೇಳಿದ್ದರು. ಬರೆದು ತಿಳಿಸಿದೆವು.

ಅವರ ಕೋರಿಕೆಯು ಅಂದು ನಮಗೆ ಸ್ವಲ್ಪ ವಿಚಿತ್ರವಾಗಿಯೇ ತೋರಿತ್ತು. ಅರುವತ್ತೇಳು ಮನೆಗಳ ರಾಶಿಯ ಚರಿತ್ರೆಯನ್ನು ಈಗ ಮತ್ತೆ ಓದುವಾಗ ಹಾಗೆ ತೋರಲಿಲ್ಲ. ಮೆರ್ಸೆನ್ ಅವಿಭಾಜ್ಯವೆಂದು ಬರೆದಿದ್ದ ಆ ರಾಶಿಗೆ ಲ್ಯೂಕಾ ೧೮೭೬ರಲ್ಲೇ ತನ್ನ ಪರೀಕ್ಷೆಯನ್ನು ಹಾಕಿ, ಪಾಲಾಗುತ್ತದೆಂದು ಸಾರಿದ್ದನು. ಅವನ ಮಾತು ಸರಿಯಾಗಿಯೇ ಇತ್ತು. ಆದರೆ ಅದರ ಭಾಜಕಗಳು ಯಾವುವೆಂದು ಯಾರಿಗೂ ತಿಳಿಯದು. ಇಪ್ಪತ್ತೇಳು ವರ್ಷಗಳ ಕಾಲ ಆ ಸಂಖ್ಯೆಯು ಶೇಷವೊಂದರ ಬಲದಿಂದ ಮಾತ್ರ ಪಟ್ಟಿಯ ಹೊರಗೆ ನಿಂತಿತ್ತು. ೧೯೦೩ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ್ದ ಗಣಿತಜ್ಞರ ಸಭೆಯಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಪ್ರೊಫೆಸರ್ ಕೋಲ್ ಎಂಬವನು ತನ್ನ ಸರದಿ ಬಂದಾಗ ಎದ್ದು, ಬಾಯಿಬಿಡದೆ ಕಪ್ಪುಹಲಗೆಯ ಬಳಿ ಹೋಗಿ, ಅರುವತ್ತೇಳು ಎರಡುಗಳನ್ನು ಗುಣಿಸಿ ಒಂದನ್ನು ಕಳೆದನಂತೆ. ಬಂದುದು ೧೪,೭೫,೭೩,೯೫,೨೫,೮೯,೬೭,೬೪,೧೨,೯೨೭. ಆಮೇಲೆ ಹಲಗೆಯ ಇನ್ನೊಂದು ಕಡೆ ೧೯,೩೭,೦೭,೭೨೧ ಮತ್ತು ೭,೬೧,೮೩,೮೨,೫೭,೨೮೭ ಎಂಬ ಎರಡು ಸಂಖ್ಯೆಗಳನ್ನು ಬರೆದು, ನಿಧಾನವಾಗಿ ಗುಣಿಸಿ, ಅದೇ ಉತ್ತರವನ್ನು ತಂದು, ಒಂದು ಮಾತನ್ನೂ ಆಡದೆ ಬಂದು ಕುಳಿತನಂತೆ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅವುಗಳನ್ನು ಕಂಡುಹಿಡಿಯಲು ಮೂರು ವರ್ಷಗಳ ಭಾನುವಾರಗಳು ಹಿಡಿದುವೆಂದು ಆತನು ಹೇಳಿದನೆಂಬ ಮಾತೂ ಇದೆ. 'ಪಾಲಾಗುತ್ತದೆ' ಎಂಬುದು ಇಪ್ಪತ್ತೇಳು ವರ್ಷಗಳಿಂದ ಅವರೆಲ್ಲರಿಗೂ ಗೊತ್ತಿದ್ದ ವಿಷಯ. ಚಪ್ಪಾಳೆಯು ಪುಟಕ್ಕೂ ಸಾಲಿಗೂ ಬಿದ್ದುದು.

ನಮ್ಮ ಹತ್ತೊಂಬತ್ತು ಮನೆಗಳ ಲೆಕ್ಕವನ್ನು ಹಳೆಯ ಹಾಳೆಗಳ ಕಡೆ ನೋಡದೆ ಮೊದಲಿನಿಂದ ಮತ್ತೆ ತೆಗೆದುಕೊಂಡೆವು. ಈ ಸಲ ದಿನಕ್ಕೆ ಒಂದೇ ಹಾಳೆ. ಹದಿನಾರನೆಯ ಸಲಕ್ಕೆ ೫,೨೩,೨೬೩ ಬಂದಿತು. ಅದನ್ನು ಕಂಡ ಕೂಡಲೇ ಲೆಕ್ಕವು ಮುಗಿದಂತೆಯೇ ಎಂದು ತಿಳಿಯಿತು. ಏಕೆಂದರೆ ಇದು ರಾಶಿಗಿಂತ ಸರಿಯಾಗಿ ೧,೦೨೪ ಕಡಮೆ; ೧,೦೨೪ ಎಂದರೆ ಹತ್ತು ಎರಡುಗಳ ಗುಣಲಬ್ಧ; ಅದರ ವರ್ಗದಿಂದ ಎರಡನ್ನು ಕಳೆದರೆ ರಾಶಿಯ ಎರಡರಷ್ಟೇ ಆಗುತ್ತದೆ. ಹದಿನೇಳನೆಯ ಸಲಕ್ಕೆ ಸೊನ್ನೆ. ಅವಿಭಾಜ್ಯವಾದ ಇಂಥ ಎಲ್ಲ ರಾಶಿಗಳಲ್ಲಿಯೂ ಕೊನೆಯ ಮೆಟ್ಟಿಲಿಗೆ ಮುಂಚೆ ಹೀಗೆ ಎರಡುಗಳ ಗುಣಲಬ್ಧವೊಂದು, ತಾನಾಗಿಯೋ ರಾಶಿಯಿಂದ ಕಳೆದುಕೊಂಡೋ, ಕಾಣಿಸಿಕೊಳ್ಳಲೇಬೇಕು. ಐದು ಮನೆಗಳ ಲೆಕ್ಕದಲ್ಲಿ ಎಂಟು ಬಂದುದನ್ನು ವಾಚಕರು ನೆನೆಯಬಹುದು. ೧೨೭ ಮನೆಗಳ ಲೆಕ್ಕದಲ್ಲಿ ಆ ಸ್ಥಾನಕ್ಕೆ ಬರುವುದು ಅರುವತ್ತನಾಲ್ಕು ಎರಡುಗಳ ಗುಣಲಬ್ಧ, ಎಂದರೆ ಅಜ್ಜಿಯ ಕಥೆಯ ಚದುರಂಗದ ಕಾಳೆಲ್ಲವೂ, ಅದರ ಮೇಲೆ ಒಂದು ಕಾಳೂ. ಇದನ್ನು ಮೊಮ್ಮಗಳಿಗೆ ಹೇಳಿದಾಗ ಅವಳು ಮೊದಲನೆಯ ಸಲ ಬೆರಗಾದಳು.

ಸೊನ್ನೆಗೂ ಸೊನ್ನೆಯಲ್ಲದ್ದಕ್ಕೂ ಇರುವ ಭೇದವನ್ನು ಈ ಹದಿನೇಳು ಹಾಳೆಗಳಲ್ಲಿ ನಾವು ಚೆನ್ನಾಗಿ ಕಂಡೆವು. ನಡುವೆ ಎಲ್ಲಿ ಒಂದು ಅಂಕಿ ಜಾರಿದರೂ ಲೆಕ್ಕವು ಎಲ್ಲೆಲ್ಲಿಗೋ ಹೊರಟುಹೋಗುತ್ತದೆ. ಹಾಗೆ ದಾರಿತಪ್ಪಿದುದು ಐದು ಲಕ್ಷಕ್ಕೂ ಮೇಲ್ಪಟ್ಟ ಶೇಷಗಳ ನಡುವೆ ಅಕಸ್ಮಾತ್ತಾಗಿ ಸೊನ್ನೆಯ ಮೇಲೆಯೇ ಬಂದು ನಿಲ್ಲುವ ಸಂಭವ ಬಹಳ ಕಡಮೆ. ಮೂವತ್ತೊಂಬತ್ತು ಅಂಕಿಗಳಲ್ಲಂತೂ ಅದನ್ನು ಎಣಿಸಲೇಬೇಕಾಗಿಲ್ಲ. ಸೊನ್ನೆ ಬಂದರೆ ಸಂಖ್ಯೆಯೂ ಒಳ್ಳೆಯದು, ಲೆಕ್ಕಿಗನೂ ಒಳ್ಳೆಯವನು. ಬಾರದಿದ್ದರೆ ತಪ್ಪು ಸಂಖ್ಯೆಯದೋ ಲೆಕ್ಕಿಗನದೋ ಎಂದು ಆ ಶೇಷದ ಮುಖ ನೋಡಿ ಹೇಳಲು ಬಾರದು. ಈ ಕಾಲದಲ್ಲಿ ದೇಶದೇಶಗಳ ಜನರು ತಮ್ಮ ಮನೆಯ ಕಂಪ್ಯೂಟರುಗಳನ್ನು ಒಟ್ಟುಗೂಡಿಸಿ ಇಂಥ ರಾಶಿಗಳನ್ನು ಹುಡುಕುತ್ತಿದ್ದಾರೆ. ೧೯೯೬ರಲ್ಲಿ ಮೊದಲಾದ ಕೆಲಸವಿದು. ಸೊನ್ನೆ ಬಾರದ ಫಲಗಳನ್ನು ಇನ್ನೊಬ್ಬರ ಯಂತ್ರದಲ್ಲಿ ಮರಳಿ ಮಾಡಿಸಿ, ಎರಡು ಶೇಷಗಳೂ ಒಂದೇ ಆದ ಮೇಲೆಯೇ ಒಪ್ಪುವ ಪದ್ಧತಿಯು ಅವರಲ್ಲಿ ಬಹುಕಾಲ ನಡೆದುಬಂದಿತೆಂದು ಓದಿ ನಮಗೆ ಸಮಾಧಾನವಾಯಿತು, ಸ್ವಲ್ಪ ನಾಚಿಕೆಯೂ ಆಯಿತು. ೨೦೨೪ರ ಅಕ್ಟೋಬರಿನಲ್ಲಿ ಅವರಿಗೆ ಸಿಕ್ಕಿದುದು ೧೩,೬೨,೭೯,೮೪೧ ಮನೆಗಳ ರಾಶಿ. ಅದನ್ನು ಬರೆಯಲು ೪,೧೦,೨೪,೩೨೦ ಅಂಕಿಗಳು ಬೇಕು. ಅದನ್ನೂ ಸ್ಥಿರಪಡಿಸಿದುದು ಲ್ಯೂಕಾನ ಪರೀಕ್ಷೆಯೇ.

ಮೊಮ್ಮಗಳು ಇನ್ನೊಂದು ವಿಷಯವನ್ನು ತಾನೇ ಕಂಡುಹಿಡಿದಳು. ಎರಡು ಮನೆಗಳ ರಾಶಿ ಮೂರು. ಮೂರು ಮನೆಗಳ ರಾಶಿ ಏಳು. ಏಳು ಮನೆಗಳ ರಾಶಿ ೧೨೭. ೧೨೭ ಮನೆಗಳ ರಾಶಿ ನಮ್ಮ ಈ ಸಂಖ್ಯೆ. ಎಲ್ಲವೂ ಅವಿಭಾಜ್ಯ. ಹಾಗಾದರೆ ಈ ಸಂಖ್ಯೆಯಷ್ಟು ಮನೆಗಳುಳ್ಳ ಹಲಗೆಯ ರಾಶಿ? ಬೆಲ್ಜಿಯಂನ ಕತಾಲಾನ್ ಎಂಬವನೂ ೧೮೭೬ರಲ್ಲಿ ಇದನ್ನೇ ಯೋಚಿಸಿದ್ದನೆಂದು ಹೇಳಿದೆವು. ಅದು ಪಾಲಾಗುವುದೋ ಇಲ್ಲವೋ ಇಂದಿಗೂ ಯಾರಿಗೂ ತಿಳಿಯದು. ಅಲ್ಲಿ ಲ್ಯೂಕಾನ ಪರೀಕ್ಷೆಯನ್ನು ಮಾಡುವುದಿರಲಿ, ಸಂಖ್ಯೆಯನ್ನು ಬರೆದಿಡಲು ಕೂಡ ಭೂಮಿಯ ಮೇಲೆ ಸ್ಥಳವಿಲ್ಲ.

ರಜೆ ಮುಗಿದು ಅವಳು ಊರಿಗೆ ಹೊರಡುವ ಹಿಂದಿನ ಸಂಜೆ ಎರಡು ಸಲದ ಹಾಳೆಗಳನ್ನೂ ಜಗಲಿಯ ಮೇಲೆ ಜೋಡಿಸಿಕೊಂಡು ಕುಳಿತಿದ್ದಳು. ಏನು ಹುಡುಕುತ್ತೀಯೆಂದು ಕೇಳಿದರೆ ಉತ್ತರ ಕೊಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಒಳಗೆ ಬಂದು, "ತಾತ, ಹತ್ತನೆಯ ಹಾಳೆ, ಮೊದಲನೆಯ ಸಾಲು" ಎಂದಳು.

ಕನ್ನಡಕ ಹಾಕಿಕೊಂಡು ನೋಡಿದೆವು. ಒಂಬತ್ತನೆಯ ಹಾಳೆಯ ಕೊನೆಯಲ್ಲಿ ಶೇಷವನ್ನು ೫,೦೪,೧೪೦ ಎಂದು ಸರಿಯಾಗಿಯೇ ತೆಗೆದಿದ್ದೆವು. ಹಾಳೆ ಮಗುಚಿ ಬರೆದುಕೊಳ್ಳುವಾಗ ೫,೦೧,೪೪೦ ಎಂದು ಬರೆದಿದ್ದೆವು. ಅಂಕಿಗಳು ಅವೇ, ಅದರಿಂದಲೇ ಒಂಬತ್ತರ ತಾಳೆಯು ಮಾತಾಡದೆ ಬಿಟ್ಟುಕೊಟ್ಟಿತ್ತು. ವ್ಯತ್ಯಾಸ ಎರಡು ಸಾವಿರದ ಏಳುನೂರು. ಅವಳು ಅದರ ಸುತ್ತ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ತಾರೀಖನ್ನು ಹಾಕಿ, ನಮ್ಮ ಕೈಗೆ ಕೊಟ್ಟಳು.